ಕೆಂಪು ಪಿಟೀಲಿನ ಲಿಂಕ್ ಡಾಕ್ಯುಮೆಂಟು

ನಮ್ಮ ಪಕ್ಕದ ಮನೆ ರಾಯರು ಸಿನಿಮಾ ನೋಡುವ ರೀತಿಯೇ ಬೇರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ವೀಸು ಮುಗಿಸಿದವರು. ನಾಯಕ ನಾಯಕಿ ತೆಂಗಿನ ತೋಟದಲ್ಲಿ ಹಾಡಿಕೊಂಡು ಓಡುತ್ತಿದ್ದರೆ, ಆ ತೋಟದ ಖಾತೆ ಯಾರ ಹೆಸರಿಗಿದೆ ಎಂದು ಯೋಚಿಸುವ ಪೈಕಿ. ಮೊನ್ನೆ ಅವರ ಮಗ ‘ದಿ ರೆಡ್ ವಯಲಿನ್’ ಎನ್ನುವ ಚಿತ್ರ ಹಾಕಿಕೊಟ್ಟು ಹೋಗಿದ್ದಾನೆ. ಗಂಡ ಹೆಂಡತಿ ಇಬ್ಬರೂ ಕೂತು ಪೂರ್ತಿ ನೋಡಿದ್ದಾರೆ. ಬೆಳಿಗ್ಗೆ ನಾನು ದಾಸವಾಳದ ಗಿಡಕ್ಕೆ ನೀರು ಬಿಡುತ್ತಿದ್ದೆ. ಬೇಲಿಯ ಆಚೆಯಿಂದ ಬಂದ ಮೊದಲ ಮಾತೇ, “ಏನ್ ಸ್ವಾಮಿ, ಮುನ್ನೂರು ವರ್ಷದ ಆಸ್ತಿ, ಒಂದು ಲಿಂಕ್ ಡಾಕ್ಯುಮೆಂಟೂ ಸರಿಯಿಲ್ಲವಲ್ಲ!”

ನನಗೆ ನಗು ಬಂತು. ಆದರೆ ಯೋಚಿಸಿದರೆ ಆ ಚಿತ್ರದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಯಾವುದೂ ಇಷ್ಟು ನೇರವಾಗಿ ವಿಷಯಕ್ಕೆ ಬಂದಿರಲಿಲ್ಲ.

ನೋಡದವರಿಗಾಗಿ ಎರಡು ಮಾತು. 1998ರ ಚಿತ್ರ. ಕೆನಡಾದ ಫ್ರಾಂಸ್ವಾ ಜಿರಾರ್ ನಿರ್ದೇಶಕ. ಡಾನ್ ಮೆಕೆಲ್ಲರ್ ಜೊತೆ ಸೇರಿ ಕಥೆ ಬರೆದವರೂ ಅವರೇ. ಅದಕ್ಕೆ ಮೊದಲು ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಬಗ್ಗೆ ಮೂವತ್ತೆರಡು ತುಣುಕುಗಳ ಒಂದು ವಿಚಿತ್ರ ಚಿತ್ರ ಮಾಡಿ ಹೆಸರು ಗಳಿಸಿದ್ದರು. ಇಲ್ಲಿ ತುಣುಕುಗಳು ಐದೇ. ಇಟಲಿಯ ಕ್ರೆಮೋನಾ, ಆಸ್ಟ್ರಿಯಾದ ಮಠ ಮತ್ತು ವಿಯೆನ್ನಾ, ಇಂಗ್ಲೆಂಡಿನ ಆಕ್ಸ್‌ಫರ್ಡ್, ಚೀನಾದ ಶಾಂಘೈ, ಕೊನೆಗೆ ಮಾಂಟ್ರಿಯಲ್‌ನ ಹರಾಜು ಮನೆ. ಒಂದು ಪಿಟೀಲು 1681ರಲ್ಲಿ ಹುಟ್ಟಿ 1997ರಲ್ಲಿ ಹರಾಜಿಗೆ ಬರುವವರೆಗೆ ಯಾರ ಯಾರ ಕೈಗೆ ಹೋಯಿತು ಎನ್ನುವುದೇ ಕಥೆ. ಪಾತ್ರಗಳು ಅವರವರ ಭಾಷೆಯಲ್ಲೇ ಮಾತಾಡುತ್ತವೆ. ಇಟಾಲಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್, ಚೀನಿ. ಒಂದು ವಸ್ತುವಿನ ಬೆನ್ನು ಹತ್ತಿ ಕಥೆ ಹೇಳುವುದು ಸಿನಿಮಾಕ್ಕೆ ಹೊಸದಲ್ಲ. ಒಂದು ಕೋಟು, ಒಂದು ಬಂದೂಕು, ಒಂದು ರೋಲ್ಸ್‌ರಾಯ್ಸ್ ಕಾರು, ಎಲ್ಲದರ ಮೇಲೂ ಹಾಲಿವುಡ್ಡಿನವರು ಹಿಂದೆಯೇ ಚಿತ್ರ ಮಾಡಿದ್ದಾರೆ. ಆದರೆ ಕೋಟು ಹರಿಯುತ್ತದೆ, ಕಾರು ಕೆಡುತ್ತದೆ. ಪಿಟೀಲಿಗೆ ಮಾತ್ರ ವಯಸ್ಸಾದಷ್ಟೂ ಬೆಲೆ.

“ಸರಿ ರಾಯರೇ, ಮೂಲದಿಂದ ಹಿಡಿಯಿರಿ” ಎಂದೆ.

“ಮೂಲ ಕ್ರೆಮೋನಾ. ಬುಸೊಟ್ಟಿ ಅನ್ನೋ ಆಚಾರಿ ಮಾಡಿದ್ದು. ಹುಟ್ಟುವ ಮಗುವಿಗೆ ಅಂತ. ಮಗುವೇ ಉಳಿಯಲಿಲ್ಲ. ಹಾಗಾಗಿ ವಾರಸುದಾರನಿಲ್ಲದ ಆಸ್ತಿ.”

ಬುಸೊಟ್ಟಿ ಕಲ್ಪನೆಯ ಮನುಷ್ಯ, ಕ್ರೆಮೋನಾ ನಿಜ. ಪೋ ನದಿಯ ದಡದ ಆ ಸಣ್ಣ ಊರಿನಲ್ಲಿ ಅಮಾಟಿ, ಗ್ವಾರ್ನೆರಿ, ಸ್ಟ್ರಾಡಿವರಿ ಮನೆತನಗಳು ಒಂದರ ಹಿಂದೊಂದು ಪಿಟೀಲು ಮಾಡಿದವು. ಬುಸೊಟ್ಟಿಯ ಕಥೆ ನಡೆಯುವ 1681ರಲ್ಲಿ ಆಂಟೋನಿಯೋ ಸ್ಟ್ರಾಡಿವರಿ ನಲವತ್ತರ ಈಚೆಯವನು. 1737ರಲ್ಲಿ ಸಾಯುವವರೆಗೂ ಕೆಲಸ ಬಿಡಲಿಲ್ಲ. ಇಂದಿಗೂ ಆ ಊರಿನಲ್ಲಿ ಕೈಯಲ್ಲೇ ಪಿಟೀಲು ಮಾಡುವ ಕಾರ್ಯಾಗಾರಗಳಿವೆ. 2012ರಲ್ಲಿ ಯುನೆಸ್ಕೋ ಆ ಕಸುಬನ್ನೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರದ ಗುಟ್ಟನ್ನು ಈಗಲೇ ಒಡೆಯುತ್ತೇನೆ, ಬೇಡವೆನ್ನುವವರು ಇಲ್ಲಿಂದ ಎದ್ದು ಹೋಗಬಹುದು. ಬುಸೊಟ್ಟಿಯ ಹೆಂಡತಿ ಆನ್ನಾ ಬಸುರಿ. ಮನೆಗೆಲಸದ ಮುದುಕಿ ಚೆಸ್ಕಾಳ ಕೈಯಲ್ಲಿ ಭವಿಷ್ಯ ಕೇಳುತ್ತಾಳೆ. ಮುದುಕಿ ಐದು ಟ್ಯಾರೋ ಎಲೆಗಳನ್ನು ಎತ್ತಿಸುತ್ತಾಳೆ. ದೀರ್ಘಾಯುಷ್ಯ, ಪ್ರಯಾಣ, ಮೋಹ, ವಿಚಾರಣೆ, ಹೀಗೆ ಒಂದೊಂದಾಗಿ ಹೇಳುತ್ತಾ ಹೋಗುತ್ತಾಳೆ. ಆನ್ನಾ ಹೆರಿಗೆಯಲ್ಲೇ ಸಾಯುತ್ತಾಳೆ. ಹಾಗಾದರೆ ಆ ಭವಿಷ್ಯ ಯಾರದ್ದು? ಗಂಡ ಅವಳ ರಕ್ತ ತೆಗೆದು ವಾರ್ನಿಷ್‌ಗೆ ಬೆರೆಸಿ ಪಿಟೀಲಿಗೆ ಬಳಿದಿರುತ್ತಾನೆ. ಎಲೆಗಳು ಹೇಳಿದ್ದು ಪಿಟೀಲಿನ ಜಾತಕ. ಮಾಂಟ್ರಿಯಲ್‌ನ ಪ್ರಯೋಗಾಲಯದಿಂದ ವಾರ್ನಿಷ್‌ನ ವರದಿ ಬರುವವರೆಗೆ ನಿರ್ದೇಶಕರು ಈ ಗುಟ್ಟನ್ನು ಬಿಗಿ ಹಿಡಿದಿದ್ದಾರೆ. ಬಸುರಿ ಹೆಂಗಸು, ಭವಿಷ್ಯ ಹೇಳುವ ಮುದುಕಿ, ಕೆಂಪು ಬಣ್ಣ, ಮೂರನ್ನೂ ಒಂದೇ ಕಾಲು ಗಂಟೆಯಲ್ಲಿ ತೋರಿಸಿದ ಮೇಲೆ ನಮ್ಮ ಕಡೆಯ ಪ್ರೇಕ್ಷಕನಿಗೆ ವರದಿ ಯಾಕೆ ಬೇಕು? ರಾಯರ ಮನೆಯವರು ಕ್ರೆಮೋನಾದ ಭಾಗ ಮುಗಿಯುವ ಮೊದಲೇ ಹೇಳಿಬಿಟ್ಟರಂತೆ.

“ರಕ್ತ ಒಣಗಿದರೆ ಕಂದು ತಿರುಗುತ್ತೆ. ಮುನ್ನೂರು ವರ್ಷ ಕೆಂಪಾಗಿರುತ್ತಾ?” ಎಂದು ಅವರು ಒಳಗಿನಿಂದಲೇ ಕೇಳಿದರು.

ಒಳ್ಳೆಯ ಪ್ರಶ್ನೆ. ಪ್ಯಾರಿಸ್‌ನ ಸಂಗೀತ ವಸ್ತುಸಂಗ್ರಹಾಲಯದ ಸಂಶೋಧಕರು ಅಲ್ಲಿರುವ ಸ್ಟ್ರಾಡಿವರಿಯ ಐದು ವಾದ್ಯಗಳ ವಾರ್ನಿಷ್ ಪರೀಕ್ಷಿಸಿ 2009ರ ಕೊನೆಗೆ ಫಲಿತಾಂಶ ಪ್ರಕಟಿಸಿದರು. ಸಿಕ್ಕಿದ್ದು ಚಿತ್ರಕಾರರು ಬಳಸುತ್ತಿದ್ದ ಒಣಗುವ ಎಣ್ಣೆ, ಮರದ ರಾಳ, ಒಂದಿಷ್ಟು ಕೆಂಪು ಬಣ್ಣ. ಆ ಕಾಲದ ಯಾವ ಅಂಗಡಿಯಲ್ಲೂ ಸಿಗುತ್ತಿದ್ದ ಸಾಮಾನು. ಶತಮಾನಗಳ ಗುಟ್ಟಿನ ಪಾಕವೆಲ್ಲ ಇಷ್ಟೇ. ಆದರೆ ಎಣ್ಣೆ ಮತ್ತು ರಾಳವನ್ನು ನಂಬಿ ಯಾರೂ ಸಿನಿಮಾಕ್ಕೆ ದುಡ್ಡು ಹಾಕುವುದಿಲ್ಲ.

ರಾಯರು ಮುಂದಿನ ಕೈಬದಲಾವಣೆಗೆ ಬಂದರು. “ಬುಸೊಟ್ಟಿಯಿಂದ ಮಠಕ್ಕೆ ದಾನ. ಇದೊಂದು ಸರಿ. ಮಠದಲ್ಲಿ ಅನಾಥ ಹುಡುಗ ಕಾಸ್ಪರ್‌ಗೆ ಅನುಭೋಗದ ಹಕ್ಕು. ಮಾಲೀಕತ್ವ ಇಲ್ಲ.”

ಅನುಭೋಗ ಅಂದರೆ ಎಂಥಾ ಅನುಭೋಗ! ರಾತ್ರಿ ಪಿಟೀಲನ್ನು ಪಕ್ಕದಲ್ಲಿಟ್ಟುಕೊಂಡೇ ಮಲಗುವ ಹುಡುಗ. ಪೂಸಾ ಎನ್ನುವ ಗುರು ಅವನನ್ನು ವಿಯೆನ್ನಾಗೆ ಕರೆದುಕೊಂಡು ಬಂದು, ತಾನೇ ಮಾಡಿದ ಲಯ ಅಳೆಯುವ ಯಂತ್ರ ಎದುರಿಗಿಟ್ಟು, ದಿನದಿಂದ ದಿನಕ್ಕೆ ವೇಗ ಏರಿಸುತ್ತಾನೆ. ಗುರು ಕೆಟ್ಟವನಲ್ಲ, ಕೈ ಖಾಲಿಯಾದವನು. ಹುಡುಗನ ಹೃದಯ ಮೊದಲೇ ದುರ್ಬಲ. ರಾಜಕುಮಾರನ ಮುಂದೆ ಪರೀಕ್ಷೆಗೆ ನಿಂತು ಕಮಾನು ಎತ್ತುವಷ್ಟರಲ್ಲಿ ಕುಸಿದು ಬೀಳುತ್ತಾನೆ. ಮಠದವರು ಪಿಟೀಲನ್ನೂ ಅವನ ಜೊತೆ ಹೂಳುತ್ತಾರೆ. ನಾನು ಈ ಭಾಗ ನೋಡುವಾಗ ಪರದೆಯ ಮೇಲೆ ಹುಡುಗ ಸತ್ತದ್ದಕ್ಕಿಂತ, ನಮ್ಮ ಟಿವಿ ಸ್ಪರ್ಧೆಗಳಲ್ಲಿ ಅಪ್ಪ ಅಮ್ಮ ಮೂಲೆಯಲ್ಲಿ ನಿಂತು ಕೈಸನ್ನೆ ಮಾಡುವುದು ನೆನಪಾಗಿ ಹೊಟ್ಟೆ ತೊಳಸಿತು. ಆ ಪಾತ್ರ ಮಾಡಿದ ಹುಡುಗ ಕ್ರಿಸ್ಟೋಫ್ ಕಾಂಚ್ ನಿಜವಾಗಿಯೂ ಪಿಟೀಲು ಬಲ್ಲವನು. ಮುಂದೆ 2008ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದಲ್ಲಿ ಎರಡನೇ ಪಿಟೀಲು ವಿಭಾಗದ ಮುಖ್ಯಸ್ಥನಾದ. ತೆರೆಯ ಮೇಲೆ ವಿಯೆನ್ನಾದಲ್ಲಿ ಫೇಲಾದವನು ತೆರೆಯ ಆಚೆ ಅದೇ ಊರಿನಲ್ಲಿ ಪಾಸಾದ.

“ಹೆಣದ ಜೊತೆ ಹೂಳಿದ ಮಾಲು ಕಾನೂನಿನಲ್ಲಿ ಯಾರದ್ದು?” ಎಂದು ಕೇಳಿದೆ.

“ಮಠದ್ದೇ. ಜಿಪ್ಸಿಗಳು ಗೋರಿ ಅಗೆದು ತೆಗೆದದ್ದು ಕಳವು. ಕಳವಿನ ಮಾಲಿಗೆ ಎಷ್ಟು ಕೈ ದಾಟಿದರೂ ಹಕ್ಕು ಹುಟ್ಟೋದಿಲ್ಲ. ಅಲ್ಲಿಂದ ಮುಂದೆ ಎಲ್ಲಾ ರದ್ದು. ನೂರು ವರ್ಷ ಜಿಪ್ಸಿಗಳ ಅನುಭವ, ಆಮೇಲೆ ಆ ಇಂಗ್ಲಿಷ್ ದೊರೆ...”

“ಆ ದೊರೆ ವಿಷಯ ಬಿಡಿ” ಎಂದರು ಅವರ ಮನೆಯವರು, ಈಗ ಕರಿಬೇವು ಕೊಯ್ಯಲು ಬೇಲಿಯ ಹತ್ತಿರಕ್ಕೇ ಬಂದು.

ನಾನೂ ಬಿಡುತ್ತೇನೆ. ಫ್ರೆಡರಿಕ್ ಪೋಪ್ ಎನ್ನುವ ಈ ವಾದಕನಿಗೆ ಹೆಣ್ಣಿನ ಸಂಗವಿಲ್ಲದೆ ರಾಗ ಹೊರಡುವುದಿಲ್ಲ. ಪ್ರೇಯಸಿ ಕಾದಂಬರಿಗಾರ್ತಿ, ಕೋಪ ಬಂದರೆ ಪಿಸ್ತೂಲೇ ಎತ್ತುವವಳು. ಗುಂಡು ತಗಲುವುದು ಪಿಟೀಲಿಗೆ. ಐದು ತುಣುಕುಗಳಲ್ಲಿ ಇದೇ ಅತ್ಯಂತ ಪೊಳ್ಳು. ಮಕ್ಕಳಿದ್ದರೆ ಈ ಇಪ್ಪತ್ತು ನಿಮಿಷ ಓಡಿಸಿಬಿಡಿ, ಕಥೆಗೇನೂ ನಷ್ಟವಿಲ್ಲ. ಒಂದೇ ಒಂದು ವಿಷಯ ನೆನಪಿಡಿ. ಪೋಪ್ ಈ ಪಿಟೀಲಿನ ನಕಲು ಮಾಡಿಸಿದ್ದ. ಅದು ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ. ಅವನ ಚೀನಿ ಆಳು ಮುರುಕು ಪಿಟೀಲನ್ನು ಎತ್ತಿಕೊಂಡು ಶಾಂಘೈಗೆ ಮರಳಿ ಹಳೆ ಸಾಮಾನಿನ ಅಂಗಡಿಗೆ ಮಾರುತ್ತಾನೆ. ಅಲ್ಲಿಂದ ಒಬ್ಬ ತಾಯಿ ಕೊಳ್ಳುತ್ತಾಳೆ, ಜೊತೆಗೆ ಪುಟ್ಟ ಮಗಳು.

ಆ ಮಗಳು ಷಿಯಾಂಗ್ ಪೇ. ಸಿಲ್ವಿಯಾ ಚಾಂಗ್ ಈ ಪಾತ್ರ ಮಾಡಿದ್ದಾರೆ. ಚಿತ್ರದ ಪ್ರಾಣ ಇರುವುದು ಇಲ್ಲಿ.

1960ರ ದಶಕದ ಕೊನೆ, ಸಾಂಸ್ಕೃತಿಕ ಕ್ರಾಂತಿಯ ಶಾಂಘೈ. ಪಾಶ್ಚಾತ್ಯ ಸಂಗೀತ ಕಲಿಸಿದ ತಪ್ಪಿಗೆ ಚೌ ಯುವಾನ್ ಎನ್ನುವ ಮೇಷ್ಟ್ರನ್ನು ಜನರ ಮುಂದೆ ನಿಲ್ಲಿಸಿ ಹೀಯಾಳಿಸುತ್ತಾರೆ, ಅವನ ಪಿಟೀಲನ್ನು ಬೆಂಕಿಗೆ ಹಾಕುತ್ತಾರೆ. ಇದು ಸಿನಿಮಾದವರ ಅತಿರೇಕ ಅಲ್ಲ. ಶಾಂಘೈ ಸಂಗೀತ ವಿದ್ಯಾಲಯದಲ್ಲಿ ಆ ವರ್ಷಗಳಲ್ಲಿ ಅವಮಾನ ತಾಳದೆ ಪ್ರಾಣ ಕಳೆದುಕೊಂಡ ಅಧ್ಯಾಪಕರು ಹಲವರು. ಅದರ ಮುಖ್ಯಸ್ಥರಾಗಿದ್ದ ಸಂಗೀತಗಾರ ಹ ಲುಟಿಂಗ್ ಅವರನ್ನು 1968ರಲ್ಲಿ ದೂರದರ್ಶನದ ಕ್ಯಾಮೆರಾ ಮುಂದೆ ವಿಚಾರಣೆಗೆ ನಿಲ್ಲಿಸಿದ್ದರು. ಅವರು ತಲೆ ಬಾಗಿಸಲಿಲ್ಲ, ಆರೋಪವೆಲ್ಲ ಸುಳ್ಳೆಂದು ಅಲ್ಲೇ ಕೂಗಿದರು. ಸಿನಿಮಾದ ಷಿಯಾಂಗ್ ಪೇಗೆ ಅಷ್ಟು ಧೈರ್ಯವಿಲ್ಲ. ಅವಳು ಪಕ್ಷದ ಅಧಿಕಾರಿ. ಸಭೆಯಲ್ಲಿ ಮೇಷ್ಟ್ರ ಪರವಾಗಿ ಜಾಣತನದಿಂದ ನಾಲ್ಕು ಮಾತಾಡಿ ಅವನನ್ನು ಉಳಿಸುತ್ತಾಳೆ, ಇನ್ನು ಮುಂದೆ ಚೀನಿ ಸಂಗೀತ ಕಲಿಸಲಿ ಎನ್ನುತ್ತಾಳೆ. ಮನೆಗೆ ಬಂದು ನೋಡಿದರೆ ಅಮ್ಮ ಕೊಟ್ಟ ಕೆಂಪು ಪಿಟೀಲು ಅವಳ ಮನೆಯಲ್ಲೇ ಅಡಗಿದೆ. ಗುಟ್ಟು ಹೊರಬೀಳುವ ಹೊತ್ತಿಗೆ ಅದನ್ನು ಅದೇ ಮೇಷ್ಟ್ರ ಮನೆಗೆ ಒಯ್ದು ಕೊಡುತ್ತಾಳೆ. ಇಟ್ಟುಕೊಂಡರೆ ಅವನಿಗೂ ಗಂಡಾಂತರ. ಅವನು ಬಹಳ ಹಿಂದೆಮುಂದೆ ನೋಡಿ ಇಟ್ಟುಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ಪೊಲೀಸರು ಬಾಗಿಲು ತೆಗೆದಾಗ ಮೇಷ್ಟ್ರ ಹೆಣದ ಸುತ್ತ ಹತ್ತಾರು ವಾದ್ಯಗಳು. ಊರಿನವರು ಎಷ್ಟು ಜನ ಕದ್ದುಮುಚ್ಚಿ ಅವನಲ್ಲಿ ಬಿಟ್ಟುಹೋಗಿದ್ದರೋ.

“ಕ್ರೆಮೋನಾ ಬಿಟ್ಟ ಮೇಲೆ ಪೂರ್ತಿ ಚಿತ್ರದಲ್ಲಿ ಇದೊಂದೇ ನೋಡಿ” ಎಂದರು ರಾಯರು. ದನಿ ಸ್ವಲ್ಪ ಇಳಿದಿತ್ತು. “ತನ್ನ ಮನಸಾರೆ, ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಅಂತ ನಾವು ಪತ್ರದಲ್ಲಿ ಬರೀತೀವಲ್ಲ. ಹಾಗೆ ಕೊಟ್ಟವಳು ಇವಳೊಬ್ಬಳೇ.”

“ಬಲವಂತ ಇತ್ತಲ್ಲ? ಇಡೀ ಸರ್ಕಾರವೇ ಬಾಗಿಲಲ್ಲಿ ನಿಂತಿತ್ತು” ಎಂದೆ.

“ಸುಟ್ಟುಬಿಡಬಹುದಿತ್ತಲ್ಲ ಸ್ವಾಮಿ? ತಾನು ಕ್ಷೇಮವಾಗಿ ಇರ್ತಿದ್ದಳು.”

ಅಲ್ಲಿಗೆ ನಾನು ಸುಮ್ಮನಾದೆ.

ಇನ್ನು ಸಂಗೀತ. ಜಾನ್ ಕೊರಿಗ್ಲಿಯಾನೋ ಇದರ ಸಂಗೀತ ರಚನೆಕಾರರು. ಅದಕ್ಕೆ ಆಸ್ಕರ್ ಬಂತು. ಅವರ ತಂದೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನಲ್ಲಿ ಮುಖ್ಯ ಪಿಟೀಲು ವಾದಕರಾಗಿದ್ದವರು. ಹಾಗಾಗಿ ಮನೆಯಲ್ಲೇ ಕೇಳಿ ಬೆಳೆದ ನಾದ. ಆನ್ನಾ ಮೊದಲಲ್ಲಿ ಗುನುಗುವ ಒಂದು ಎಳೆಯೇ ಮುಂದೆ ಹುಡುಗನ ಅಭ್ಯಾಸಪಾಠವಾಗಿ, ಜಿಪ್ಸಿಗಳ ಕುಣಿತವಾಗಿ, ದೊರೆಯ ಆಡಂಬರವಾಗಿ ಬರುತ್ತದೆ. ತೆರೆಯ ಮೇಲೆ ಯಾರೇ ನುಡಿಸಲಿ, ನಾವು ಕೇಳುವುದು ಜೋಶುವಾ ಬೆಲ್ ಅವರ ಪಿಟೀಲು. ಹಿಂದೆ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ.

ಈ ಹೆಸರು ಬಂದ ಕೂಡಲೇ ನಾನು ರಾಯರಿಗೆ ಒಂದು ವಿಷಯ ಹೇಳಿದೆ. ವಾಲ್ಟರ್ ಲೆಗ್ ಎನ್ನುವವರು ಈ ವಾದ್ಯವೃಂದ ಕಟ್ಟಿದ್ದು 1945ರಲ್ಲಿ. ಯುದ್ಧ ಮುಗಿದ ಲಂಡನ್ನಿನಲ್ಲಿ ಸಂಗೀತಕ್ಕೆ ಯಾರ ಹತ್ತಿರ ದುಡ್ಡು? ಆಗ ಕೈಹಿಡಿದವರಲ್ಲಿ ದೊಡ್ಡವರು ನಮ್ಮ ಜಯಚಾಮರಾಜ ಒಡೆಯರು. ಫಿಲ್‌ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರು ಅವರೇ, 1948ರಲ್ಲಿ. ರಿಚರ್ಡ್ ಸ್ಟ್ರೌಸ್ ಕಡೆಗಾಲದಲ್ಲಿ ಬರೆದ ನಾಲ್ಕು ಹಾಡುಗಳನ್ನು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಹಾಡಿದ್ದು ಇದೇ ವಾದ್ಯವೃಂದದ ಜೊತೆ, ಮೈಸೂರಿನ ಹಣದ ನೆರವಿನಿಂದ. ರಷ್ಯದ ಮೆಟ್ನರ್ ಎನ್ನುವ ರಚನೆಕಾರ ಮುಪ್ಪಿನಲ್ಲಿ ಬಡತನದಲ್ಲಿದ್ದಾಗ ಆತನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರೂ ಒಡೆಯರೇ. ಆತ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ. ಅತ್ತ ಇದು ನಡೆಯುತ್ತಿದ್ದರೆ, ಇತ್ತ ಅದೇ ಮನುಷ್ಯ ಕೂತು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದರು.

“ಹಾಗಾದ್ರೆ ಈ ಪಿಟೀಲಿನಲ್ಲಿ ನಮ್ಮದೂ ಒಂದು ಪಾಲು ಇದೆ ಅನ್ನಿ” ಎಂದರು ರಾಯರು. ಕೂಡಲೇ ತಾವೇ ತಿದ್ದಿಕೊಂಡರು, “ಪಾಲಿಲ್ಲ. ಹಿನ್ನೆಲೆಗೆ ಮಾತ್ರ ಋಣಭಾರ.”

“ಸೀದಾ ನಿಂತ್ಕೊಂಡು ಗಲ್ಲಕ್ಕೆ ಒತ್ತಿ ಹಿಡಿದರೆ ಇಷ್ಟೆಲ್ಲಾ ಅನಾಹುತ ಆಗದೆ ಇರುತ್ತಾ?” ಎಂದರು ಅವರ ಮನೆಯವರು. ವೀಣೆ ಕಲಿತವರು, ಅವರ ತಕರಾರು ಬೇರೆಯೇ. “ನಮ್ಮವರು ಚಕ್ಕಳಮಕ್ಕಳ ಹಾಕಿ, ಪಾದಕ್ಕೆ ಪಿಟೀಲಿನ ತಲೆ ಕೊಟ್ಟು ಹೇಗೆ ಆರಾಮಾಗಿ ನುಡಿಸ್ತಾರೆ.” ಚೌಡಯ್ಯನವರ ಮಾತು ಬಂತು. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳುವುದಿಲ್ಲವೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡವರು ಅವರು. ಸ್ಟ್ರಾಡಿವರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುವ ದೇಶದವರು ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ನಮಗೆ ವಾದ್ಯದ ವಂಶಾವಳಿಗಿಂತ ನುಡಿಸಿದವರ ಹೆಸರೇ ದೊಡ್ಡದು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣವನ್ನೇ ಕಟ್ಟಿ ಚೌಡಯ್ಯನವರ ಹೆಸರಿಟ್ಟಿದ್ದೇವೆ. ಅವರು ನುಡಿಸಿದ ಪಿಟೀಲನ್ನು ಯಾವ ಕಸುಬುದಾರ ಮಾಡಿದ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ಹರಾಜಿಗೆ ಬರೋಣ. ಚೀನಾ ಸರ್ಕಾರ ಆ ವಾದ್ಯಗಳನ್ನೆಲ್ಲ ಮಾಂಟ್ರಿಯಲ್‌ಗೆ ಕಳಿಸುತ್ತದೆ. ಪರಿಣತ ಚಾರ್ಲ್ಸ್ ಮಾರಿಟ್ಜ್, ಅಂದರೆ ಸ್ಯಾಮ್ಯುಯೆಲ್ ಎಲ್. ಜಾಕ್ಸನ್, ರಾಶಿಯಲ್ಲಿ ಕೆಂಪು ಪಿಟೀಲನ್ನು ಗುರುತಿಸುತ್ತಾನೆ. ಕೊಳ್ಳಲು ಮಠದವರು ಬಂದಿದ್ದಾರೆ, ಪೋಪನ ಹೆಸರಿನ ಪ್ರತಿಷ್ಠಾನದವರಿದ್ದಾರೆ, ಹೆಸರಾಂತ ವಾದಕನೊಬ್ಬನಿದ್ದಾನೆ, ಷಿಯಾಂಗ್ ಪೇ ಮಗ ಮಿಂಗ್ ಇದ್ದಾನೆ. ಹಿಂದಿನ ಖಾತೆದಾರರೆಲ್ಲ ಒಂದೇ ಕೋಣೆಯಲ್ಲಿ. ವಾದಕ ಇಪ್ಪತ್ತು ಲಕ್ಷ ಡಾಲರ್ ದಾಟಿಸಿ ಗೆಲ್ಲುತ್ತಾನೆ. ಆದರೆ ಅಷ್ಟರಲ್ಲಿ ಮಾರಿಟ್ಜ್ ಅಸಲನ್ನು ಎಗರಿಸಿ ಪೋಪನ ನಕಲನ್ನು ಅದರ ಜಾಗದಲ್ಲಿ ಇಟ್ಟಾಗಿದೆ. ಅಸಲು ಕೋಟಿನ ಕೆಳಗೆ. ಮಗಳಿಗೆ ಫೋನು ಮಾಡಿ, ನಿನಗೊಂದು ಉಡುಗೊರೆ ತರುತ್ತಿದ್ದೇನೆ ಎನ್ನುತ್ತಾನೆ. ಚಿತ್ರ ಮುಗಿಯಿತು. ಸಂಗೀತ ಉಕ್ಕುತ್ತದೆ, ನಾವು ಅವನ ಪರವಾಗಿ ಉಸಿರು ಬಿಡಬೇಕು.

“ನಾನು ಬಿಡಲಿಲ್ಲ” ಎಂದರು ರಾಯರು.

ವಾದಕನಿಗೆ ನಕಲೆಂದು ಗೊತ್ತಾಗುವುದಿಲ್ಲವೇ ಎಂಬ ಪ್ರಶ್ನೆಗೆ ಚಿತ್ರ ಬಂದ ಎಷ್ಟೋ ವರ್ಷಗಳ ಮೇಲೆ ಉತ್ತರ ಸಿಕ್ಕಿತು. ಕ್ಲೌಡಿಯಾ ಫ್ರಿಟ್ಜ್ ಎನ್ನುವ ವಿಜ್ಞಾನಿ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ಸೇರಿ 2010ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ 21 ಮಂದಿ ನುರಿತ ವಾದಕರ ಕಣ್ಣಿಗೆ ಕಾಣದಂತೆ ಮಾಡಿ ಹಳೆಯ ಇಟಾಲಿಯನ್ ಪಿಟೀಲು, ಹೊಸ ಪಿಟೀಲು ಎರಡನ್ನೂ ಕೈಗೆ ಕೊಟ್ಟರು. ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿದ್ದು ಹೊಸದನ್ನು. ಮಾರುಕಟ್ಟೆಯ ಲೆಕ್ಕ ಮಾತ್ರ ಬೇರೆ. ಮರುವರ್ಷವೇ ಜಪಾನಿನ ಸುನಾಮಿ ಪರಿಹಾರಕ್ಕಾಗಿ ‘ಲೇಡಿ ಬ್ಲಂಟ್’ ಎನ್ನುವ 1721ರ ಸ್ಟ್ರಾಡಿವರಿ 1 ಕೋಟಿ 59 ಲಕ್ಷ ಡಾಲರ್‌ಗೆ ಹರಾಜಾಯಿತು.

ಚಿತ್ರಕ್ಕೆ ಸ್ಫೂರ್ತಿ ಎನ್ನುವ ನಿಜವಾದ ಕೆಂಪು ಪಿಟೀಲೂ ಒಂದಿದೆ. 1720ರ ‘ರೆಡ್ ಮೆಂಡೆಲ್ಸನ್’. ಇನ್ನೂರು ವರ್ಷ ಎಲ್ಲಿತ್ತೋ ಸುಳಿವಿಲ್ಲ. 1990ರ ಲಂಡನ್ ಹರಾಜಿನಲ್ಲಿ ಅಮೆರಿಕದ ಒಬ್ಬ ತಾತ ಹದಿನಾರು ವರ್ಷದ ಮೊಮ್ಮಗಳು ಎಲಿಜಬೆತ್ ಪಿಟ್‌ಕೇರ್ನ್‌ಗೆ ಅದನ್ನು ಕೊಡಿಸಿದ. ಈಗಲೂ ಆಕೆಯೇ ನುಡಿಸುತ್ತಾರೆ. ಆದರೆ ನನಗೆ ಅದಕ್ಕಿಂತ ರುಚಿಯಾದದ್ದು ಜೋಶುವಾ ಬೆಲ್ ಈ ಚಿತ್ರವಾದ ಮೇಲೆ, 2001ರಲ್ಲಿ, ಸುಮಾರು 40 ಲಕ್ಷ ಡಾಲರ್ ಕೊಟ್ಟು ಕೊಂಡ 1713ರ ಪಿಟೀಲಿನ ಕಥೆ. ಅದು ಬ್ರೊನಿಸ್ಲಾವ್ ಹುಬರ್ಮನ್ ಎನ್ನುವ ಮಹಾನ್ ವಾದಕನದ್ದಾಗಿತ್ತು. 1919ರಲ್ಲಿ ವಿಯೆನ್ನಾದಲ್ಲಿ ಒಮ್ಮೆ ಕಳುವಾಗಿ ಸಿಕ್ಕಿತ್ತು. 1936ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವನು ಬೇರೊಂದು ಪಿಟೀಲು ಹಿಡಿದು ವೇದಿಕೆಯಲ್ಲಿದ್ದಾಗ ಹಿಂದಿನ ಕೋಣೆಯಿಂದ ಮತ್ತೆ ಮಾಯವಾಯಿತು. ಕದ್ದವನು ಜೂಲಿಯನ್ ಆಲ್ಟ್‌ಮನ್, ಹತ್ತಿರದ ಹೋಟೆಲಿನಲ್ಲಿ ನುಡಿಸುತ್ತಿದ್ದ ಹುಡುಗ. ಗುರುತು ಸಿಗದಂತೆ ಬೂಟ್ ಪಾಲಿಷ್ ಬಳಿದು ಸುಮಾರು ಅರ್ಧ ಶತಮಾನ ಅದರಲ್ಲೇ ಹೊಟ್ಟೆ ಹೊರೆದ. 1985ರಲ್ಲಿ ಸಾಯುವ ಮುಂಚೆ ಹೆಂಡತಿಗೆ ನಿಜ ಹೇಳಿದ. ಹುಬರ್ಮನ್ ಆಗಲೇ ತೀರಿಕೊಂಡು ನಲವತ್ತು ವರ್ಷ ಆಗುತ್ತಾ ಬಂದಿತ್ತು.

2007ರ ಜನವರಿಯಲ್ಲಿ ಬೆಲ್ ಅದೇ ಪಿಟೀಲು ಹಿಡಿದು ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣದಲ್ಲಿ ಟೋಪಿ ಹಾಕಿಕೊಂಡು 43 ನಿಮಿಷ ನುಡಿಸಿದರು. ಸಾವಿರಕ್ಕೂ ಹೆಚ್ಚು ಜನ ದಾಟಿಹೋದರು, ನಿಂತು ಕೇಳಿದವರು ಏಳು ಮಂದಿ. ಪೆಟ್ಟಿಗೆಗೆ ಬಿದ್ದದ್ದು 32 ಡಾಲರ್ ಚಿಲ್ಲರೆ.

“ಐವತ್ತು ವರ್ಷ ಅನುಭವದಲ್ಲಿದ್ದವನು! ಸೈಟಾಗಿದ್ದರೆ ಹನ್ನೆರಡೇ ವರ್ಷಕ್ಕೆ ಅವನದ್ದೇ ಅಂತ ವಾದಿಸಬಹುದಿತ್ತು” ಎಂದು ರಾಯರು ಲೆಕ್ಕ ಹಾಕಿದರು. “ಆದರೆ ಅದಕ್ಕೆ ಬಹಿರಂಗವಾಗಿ, ಮಾಲೀಕನಿಗೆ ಗೊತ್ತಾಗುವ ಹಾಗೆ ಇಟ್ಕೊಂಡಿರಬೇಕು. ಬೂಟ್ ಪಾಲಿಷ್ ಬಳಿದವನಿಗೆ ಅದು ಸಲ್ಲೋದಿಲ್ಲ. ಕೋಟಿನೊಳಗೆ ಇಟ್ಕೊಂಡು ಹೋದ ನಿಮ್ಮ ಮಾರಿಟ್ಜ್‌ಗೂ ಸಲ್ಲೋದಿಲ್ಲ.”

“ಅವನು ಅದರ ಬೆಲೆ ಅರಿತವನು ರಾಯರೇ. ಉಳಿದವರಿಗೆ ಅದು ಬರೀ ಹೂಡಿಕೆ.”

“ಬೆಲೆ ಅರಿತವನಿಗೆ ಸ್ವತ್ತು ಸೇರೋದಾದರೆ ಊರಿನ ದಲ್ಲಾಳಿಗಳೆಲ್ಲ ಜಮೀನ್ದಾರರಾಗಿರ್ತಿದ್ದರು.”

ಅವರ ಮನೆಯವರು ಕರಿಬೇವಿನ ಬುಟ್ಟಿ ಸೊಂಟಕ್ಕೆ ಏರಿಸಿಕೊಂಡರು. “ನೀವಿಬ್ಬರೂ ಮಿಂಗ್‌ದು, ಮಠದ್ದು, ಅಂತ ಕಿತ್ತಾಡ್ತಿದ್ದೀರಿ. ಮೈಯೊಳಗಿನ ರಕ್ತ ತೆಗೆದು ಬಳಿದನಲ್ಲ, ಆ ಹೆಂಗಸನ್ನು ಯಾರಾದರೂ ಒಂದು ಮಾತು ಕೇಳಿದರಾ? ಮೊದಲನೇ ಪತ್ರಕ್ಕೇ ಸಹಿ ಇಲ್ಲ ಕಣ್ರೀ.”

ರಾಯರ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ, ನನ್ನ ಹತ್ತಿರವೂ. ಚಿತ್ರ ತೆಗೆದವರಿಗೆ ಅದು ಪ್ರೀತಿಯ ಪರಾಕಾಷ್ಠೆ. ಎರಡು ಗಂಟೆ ಹತ್ತು ನಿಮಿಷದಲ್ಲಿ ಎಲ್ಲಿಯೂ ಅವರಿಗೆ ಈ ಸಂಶಯ ಹೊಳೆದ ಹಾಗೆ ಕಾಣುವುದಿಲ್ಲ.

ಆದರೂ ಬದುಕಿದ್ದವರ ಪೈಕಿ ಒಬ್ಬರಿಗೆ ಕೊಡಿ ಎಂದರೆ ನನ್ನ ಮತ ಮಿಂಗ್‌ಗೆ. ಅವನ ತಾಯಿ ಅದನ್ನು ಸುಡದೆ ಬೇರೊಬ್ಬರ ಕೈಗೆ ಒಪ್ಪಿಸದಿದ್ದರೆ ಆ ದಿನ ಹರಾಜಿಗೆ ಪಿಟೀಲೇ ಇರುತ್ತಿರಲಿಲ್ಲ. ಅಂಥವನು ಎಲ್ಲರಂತೆ ಸವಾಲು ಕೂಗಿ ಸೋತು ಹೋಗುವುದನ್ನು ಚಿತ್ರ ಒಂದು ಕ್ಷಣಕ್ಕಿಂತ ಹೆಚ್ಚು ನೋಡುವುದಿಲ್ಲ. ಸಂಗೀತಕ್ಕಾಗಿ, ಶಾಂಘೈಗಾಗಿ ಅವಶ್ಯವಾಗಿ ನೋಡಿ. ಕೊನೆಯ ಹತ್ತು ನಿಮಿಷದಲ್ಲಿ ಮಾತ್ರ ಸಂಗೀತಕ್ಕೆ ಮರುಳಾಗಬೇಡಿ, ಆ ಮನುಷ್ಯ ಕಳ್ಳ.